ಇಪ್ಪತ್ತೇಳೂವರೆ ಇಂಚಿನ ಮದುವೆ

ಲೋಕದಲ್ಲಿ ಕೆಲವರು ಅನ್ನದಾನದಿಂದ ಪ್ರಸಿದ್ಧರಾಗುತ್ತಾರೆ, ಕೆಲವರು ವಿದ್ಯಾದಾನದಿಂದ. ನರಸಿಂಹರಾಜಪುರದ ಧಾನ್ಯದ ವ್ಯಾಪಾರಿ ಶಾಂತವೀರಪ್ಪನವರು ಪ್ರಸಿದ್ಧರಾದದ್ದು ಅಳತೆಯ ಜ್ಞಾನದಿಂದ. ಆ ಕಾಲದಲ್ಲಿ ಕೊಪ್ಪದ ಕೊಳಗ ಒಂದು, ಶೃಂಗೇರಿಯ ಕೊಳಗ ಇನ್ನೊಂದು, ನರಸಿಂಹರಾಜಪುರದ ಕೊಳಗ ಇವೆರಡನ್ನೂ ಒಪ್ಪದ ಮತ್ತೊಂದು. ಬತ್ತ ಅದೇ ಆಗಿದ್ದರೂ ಗಾಡಿ ಒಂದೂರಿನಿಂದ ಇನ್ನೊಂದೂರಿಗೆ ಸೇರುವಷ್ಟರಲ್ಲಿ ಅದು ದಾರಿಯಲ್ಲೇ ಬೆಳೆದಂತೆಯೋ ಕರಗಿದಂತೆಯೋ ಕಾಣುತ್ತಿತ್ತು. ಈ ಮಾಯೆಯನ್ನು ಭೇದಿಸಬಲ್ಲ ಪುರುಷರು ಶಾಂತವೀರಪ್ಪನವರೊಬ್ಬರೇ. "ಶೃಂಗೇರಿ ಕೊಳಗದಲ್ಲಿ ಹದಿನೇಳು" ಎಂದು ಯಾರಾದರೂ ಬಾಯಿ ತೆರೆದರೆ, ಆ ಬಾಯಿ ಮುಚ್ಚುವ ಮೊದಲೇ ಅವರು ಅದನ್ನು ಕೊಪ್ಪಕ್ಕೆ ಒಯ್ದು, ಅಲ್ಲಿಂದ ತಮ್ಮೂರಿಗೆ ತಂದು, ಮಿಕ್ಕ ಎರಡು ಹಿಡಿ ಬತ್ತವನ್ನೂ ಬಿಡದೆ ಹೇಳಿಬಿಡುತ್ತಿದ್ದರು. ಈ ವಿದ್ಯೆ ಅಂಗಡಿಯಲ್ಲಿಯೇ ಉಳಿದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಅದು ಅಡುಗೆಮನೆಗೂ ನುಗ್ಗುತ್ತಿತ್ತು.

"ನಮ್ಮನೆ ಸಾರಿಗೆ ಮೂರೂರಿನ ಉಪ್ಪು ಬ್ಯಾಡ, ಒಂದೂರಿಂದು ಸಾಕು. ಹೊರಗೆ ಹೋಗಿ ಕೂತ್ಕಳಿ" ಎಂದು ಹೆಂಡತಿ ಕಲ್ಲಮ್ಮನವರು ಸೌಟು ಹಿಡಿದು ಹೇಳಿದ ದಿನಗಳು ಎಷ್ಟೋ.

ಇಂಥ ಶಾಂತವೀರಪ್ಪನವರ ಒಬ್ಬಳೇ ಮಗಳು ನೀಲಾಂಬಿಕೆಗೆ ಮೂವತ್ತಾರನೆಯ ಇಸವಿಯ ವೈಶಾಖದಲ್ಲಿ ಕೊಪ್ಪದ ಸೋಮಶೇಖರಪ್ಪನವರ ಮಗನೊಡನೆ ಲಗ್ನ ನಿಶ್ಚಯವಾಯಿತು. ಹುಡುಗ ಚಂದ್ರಶೇಖರ ಶಿವಮೊಗ್ಗದ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರು, ಗುಣವಂತ, ಹುಡುಗಿಗೂ ಮನಸ್ಸಿಗೆ ಬಂದವನು. ಭಯವಿದ್ದದ್ದು ಹುಡುಗನ ತಂದೆಯದು. ಸೋಮಶೇಖರಪ್ಪನವರಿಗೆ ಮಾತು ಒಂದೇ ಇರಬೇಕು. ಹಿಂದೊಮ್ಮೆ ಇದೇ ಮಗನಿಗೆ ಗೊತ್ತಾಗಿದ್ದ ಸಂಬಂಧವನ್ನು ಅವರು ವೀಳ್ಯದ ತಟ್ಟೆಯ ಮುಂದಿನಿಂದ ಎದ್ದುಬಂದು ಮುರಿದಿದ್ದರು. ಆ ಹೆಣ್ಣಿನ ತಂದೆ ಮದುವೆಯೂಟಕ್ಕೆ ಹೋಳಿಗೆಯೆಂದು ಹೇಳಿ, ಹತ್ತು ನಿಮಿಷ ಬಿಟ್ಟು ಕಡುಬೆಂದಿದ್ದರು. ಅಷ್ಟೇ ಅಪರಾಧ. "ಹೂರಣದಲ್ಲೇ ಮಾತು ಎರಡಾದವ್ರು ಮುಂದೆ ಎಂತೆಂತದ್ರಲ್ಲಿ ಎರಡಾಗ್ತಾರೋ!" ಎಂಬ ಅವರ ವಾಕ್ಯ ಮೂರು ತಾಲ್ಲೂಕಿನಲ್ಲಿ ಗಾದೆಯಂತೆ ಓಡಾಡುತ್ತಿತ್ತು.

ಲಗ್ನಕ್ಕೆ ಇನ್ನು ಒಂಬತ್ತು ದಿನವಿರುವಾಗ ಕಲ್ಲಮ್ಮನವರು ಗಂಡನನ್ನು ತಾಮ್ರದ ಹಂಡೆ ತರಲು ಕಳುಹಿಸಿದರು. ಬಾಳೆಹೊನ್ನೂರಿನ ಬಳಿ ಕಾಫಿ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಿದ್ದ. ಬಂಗಲೆಯ ಸಾಮಾನು ಹರಾಜಾಗುತ್ತಿತ್ತು. ಸಂಜೆ ಶಾಂತವೀರಪ್ಪನವರು ಹಿಂದಿರುಗಿದಾಗ ಗಾಡಿಯಲ್ಲಿ ಹಂಡೆಯಿರಲಿಲ್ಲ. ಅವರ ತೊಡೆಯ ಮೇಲೆ, ಹೊಸ ಮಗುವನ್ನು ಮಲಗಿಸಿದಂತೆ, ಮರದ ಚೌಕಟ್ಟಿನ ದುಂಡನೆಯ ಗಾಜಿನ ಯಂತ್ರವೊಂದು ಮಲಗಿತ್ತು.

"ಗಡಿಯಾರ ಎಂತಕ್ಕೆ? ಇರೋದೇ ಸರಿಯಾಗಿ ಓಡ್ತಿದೆ" ಎಂದರು ಕಲ್ಲಮ್ಮ.

"ಗಡಿಯಾರ ಅಲ್ಲ ಕಣೆ. ಇದು ಮಳೆ ಹೇಳೋ ಯಂತ್ರ. ದೊರೆ ದಿನಾ ಬೆಳಿಗ್ಗೆ ಗಾಜಿಗೆ ಬೆರಳಲ್ಲಿ ಎರಡು ಸಲ ಕುಟ್ಟಿ, ಕೊಡೆ ತಗಳದೋ ಬ್ಯಾಡ್ವೋ ಅಂತ ನಿರ್ಧಾರ ಮಾಡ್ತಿದ್ನಂತೆ. ಅವನ ಬಟ್ಲರೇ ಹೇಳಿದ."

"ಹಂಡೆ?"

"ಅದು ಮಳೆ ಹೇಳೋದಿಲ್ಲ."

ಮರುದಿನ ಯಂತ್ರವು ಪಡಸಾಲೆಯ ಕಂಬವನ್ನೇರಿತು. ಶಾಂತವೀರಪ್ಪನವರು ಲೋಯರ್ ಸೆಕೆಂಡರಿಯಲ್ಲಿ ಕಲಿತ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿಕೊಂಡು ಕನ್ನಡಕವೇರಿಸಿ ನಿಂತರು. ಗಾಜಿನೊಳಗೆ ಒಂದು ಮುಳ್ಳು. ಅದರ ಸುತ್ತ ಒಂದರೊಳಗೊಂದು ಎರಡು ಬಳೆಯಂಥ ವರ್ತುಲಗಳು. ಹೊರಬಳೆಯಲ್ಲಿ ಇಪ್ಪತ್ತಾರರಿಂದ ಮೂವತ್ತೊಂದರವರೆಗೆ ಅಂಕಿ. ಅದರ ಕೆಳಗೆ 'ಇಂಚಸ್' ಎಂಬ ಬರಹ. ಮೂವತ್ತರ ಬಳಿ 'ಫೇರ್', ಇಪ್ಪತ್ತೊಂಬತ್ತರ ಬಳಿ 'ರೇನ್', ಇಪ್ಪತ್ತೆಂಟರ ಬಳಿ 'ಸ್ಟಾರ್ಮಿ' ಎಂದು ಬರೆದಿತ್ತು. ರೇನ್ ಎಂದರೆ ಮಳೆ, ಸ್ಟಾರ್ಮಿ ಎಂದರೆ ಬಿರುಗಾಳಿಯ ಮಳೆ. ಮುಳ್ಳು ಬಿರುಗಾಳಿಯನ್ನೂ ದಾಟಿ ಇಪ್ಪತ್ತೇಳೂವರೆಯಲ್ಲಿ ಮೊಳೆ ಹೊಡೆದಂತೆ ನಿಂತಿತ್ತು.

ಇನ್ನು ಸಂಶಯಕ್ಕೆ ಎಡೆಯೆಲ್ಲಿ? ಬಯಲುಸೀಮೆಯವನಾಗಿದ್ದರೆ ಇಂಚು ಎಂದೊಡನೆ ಬಟ್ಟೆಯನ್ನೋ ಹಲಗೆಯನ್ನೋ ನೆನೆಯುತ್ತಿದ್ದನೇನೋ. ಮಲೆನಾಡಿನಲ್ಲಿ ಹುಟ್ಟಿದವನಿಗೆ ಇಂಚು ಎಂದರೆ ಒಂದೇ. ತೊಟ್ಟಿಲ ಕೂಸಿನಿಂದ ಹಿಡಿದು ಊರುಗೋಲಿನ ಮುದುಕನವರೆಗೆ "ನಿಮ್ಮಲ್ಲಿ ಎಷ್ಟು ಇಂಚು?" ಎಂದು ಕೇಳಿದರೆ ಅದು ಮಳೆಯ ಮಾತು. ಆದಕಾರಣ ಶಾಂತವೀರಪ್ಪನವರು ಗಾಜಿಗೆ ಎರಡು ಸಲ ಕುಟ್ಟಿ, ಮುಳ್ಳು ಕದಲದಿರಲು ಮೂರನೆಯ ಸಲವೂ ಕುಟ್ಟಿ, ಗಂಭೀರವಾಗಿ ಹಿಂದೆ ಸರಿದರು.

"ಕಲ್ಲೂ, ಇಪ್ಪತ್ತೇಳೂವರೆ ಇಂಚು ಮಳೆ ಬರ್ತದೆ."

"ಯಾವ ವರ್ಷ?"

"ವರ್ಷ ಅಲ್ಲ ಮಾರಾಯ್ತಿ, ಒಂದೇ ಏಟಿಗೆ. ನಮ್ಮೂರಿಗೆ ವರ್ಷಕ್ಕೇ ಅರವತ್ತು ಚಿಲ್ಲರೆ. ಅರ್ಧ ವರ್ಷದ ಮಳೆ ಒಂದೇ ದಿನ!"

"ಯಾವ ದಿನ ಅಂತ ಅದ್ರಲ್ಲಿ ಬರ್ದಿದ್ಯಾ?"

ಬರೆದಿರಲಿಲ್ಲ. ಆದರೆ ಮನೆಯಲ್ಲಿ ಮದುವೆಯಿಟ್ಟುಕೊಂಡ ಯಾವ ತಂದೆಗೆ ಆ ದಿನವನ್ನು ಯಂತ್ರ ಹೇಳಬೇಕು? ಸೃಷ್ಟಿ ಮೊದಲ್ಗೊಂಡಂದಿನಿಂದ ಅಕಾಲದ ಮಳೆ ಬಿದ್ದದ್ದು ಲಗ್ನದ ದಿನವೇ ಹೊರತು ಮರುದಿನವಲ್ಲ. ಶಾಂತವೀರಪ್ಪನವರು ಕಂಬಕ್ಕೆ ಬೆನ್ನು ಕೊಟ್ಟು ಕುಳಿತು, ಹಣೆಯ ಬೆವರೊರೆಸಿಕೊಂಡರು. ಹೊರಗೆ ಬಿಸಿಲು ಹಂಚು ಸಿಡಿಯುವಂತೆ ಕಾಯುತ್ತಿತ್ತು.

ಅಂದಿನಿಂದ ಮದುವೆಮನೆಯ ಕೆಲಸಗಳು ವಿಚಿತ್ರ ಗತಿ ಹಿಡಿದವು. ಚಪ್ಪರಕ್ಕೆ ಒಂದರ ಮೇಲೊಂದು ಮೂರು ಪದರ ಸೋಗೆ ಬಿತ್ತು. ಅದರ ಸುತ್ತ ಸೊಂಟದಾಳದ ಕಾಲುವೆ ತೋಡಿಸಲಾಯಿತು. ದಾಟಲು ಒಂದು ಹಲಗೆ. ಆ ಹಲಗೆಯ ಮೇಲೆ ಮೊದಲ ದಿನವೇ ಪಕ್ಕದ ಮನೆಯ ಯಮುನಮ್ಮ ಹಪ್ಪಳದ ಬುಟ್ಟಿ ಸಮೇತ ಜಾರಿ ಕಾಲುವೆಗಿಳಿದರು.

"ಶಾಂತವೀರಪ್ಪನೋರೆ, ಮದ್ವೆಗೆ ಕರ್ದಿದೀರೋ ಕೋಟೆ ಮುತ್ತಕ್ಕೆ ಕರ್ದಿದೀರೋ?" ಎಂದು ಕಾಲುವೆಯೊಳಗಿನಿಂದಲೇ ಅವರು ವಿಚಾರಿಸಿದರು.

"ನಗಬ್ಯಾಡಿ ಯಮುನಮ್ಮ. ಲಗ್ನದ ದಿನ ನೀವು ನಿಂತಿರೋ ಜಾಗದಲ್ಲಿ ಭದ್ರೆ ಹರೀತಾಳೆ."

ಯಮುನಮ್ಮ ನಗಲಿಲ್ಲ. ಸಂಜೆಯೊಳಗೆ ಆಕೆಯ ಮನೆಯ ಸೌದೆಯೆಲ್ಲ ಅಟ್ಟಕ್ಕೇರಿತು. ಅದನ್ನು ಕಂಡು ಬೀದಿಯ ಸೌದೆಯೆಲ್ಲ ಅಟ್ಟಕ್ಕೇರಿತು. ಬೀದಿಯ ಸೌದೆಯೇ ಅಟ್ಟಕ್ಕೇರಿದ್ದನ್ನು ಕಂಡ ಶಾಂತವೀರಪ್ಪನವರಿಗೆ, ತಮ್ಮ ಮಾತು ನಿಜವಿರಬೇಕೆಂದು ಇನ್ನಷ್ಟು ದೃಢವಾಯಿತು. ಅವರು ಹೊಳೆಯ ದೋಣಿಯವನಿಗೆ ಹೇಳಿಕಳುಹಿಸಿದರು. ಮರುದಿನ ಎರಡು ಜೊತೆ ಎತ್ತು ಕಟ್ಟಿದ ಗಾಡಿಯ ಮೇಲೆ ಒಂದು ದೋಣಿ ಪೇಟೆಯ ನಡುವೆ ಮೆರವಣಿಗೆ ಬಂದು ಮದುವೆಮನೆಯ ಅಂಗಳದಲ್ಲಿಳಿದು ಚಪ್ಪರದ ಕಂಬಕ್ಕೆ ಹಗ್ಗದಿಂದ ಬಿಗಿಸಿಕೊಂಡಿತು. ಅಡುಗೆಯವರು ಅದರಲ್ಲಿ ಕುಂಬಳಕಾಯಿ ತುಂಬಿದರು.

ಈ ಸುದ್ದಿ ಕಿವಿಗೆ ಬಿದ್ದು ನಿಜವಾಗಿ ನೊಂದವರು ಒಬ್ಬರೇ. ಅವರು ಕಚೇರಿಯ ಗುಮಾಸ್ತ ವಾಸಪ್ಪ. ಊರಿನ ಸರ್ಕಾರಿ ಮಳೆಮಾಪಕ ಅವರ ವಶದಲ್ಲಿತ್ತು. ಹದಿನೈದು ವರ್ಷಗಳಿಂದ ಬೆಳಿಗ್ಗೆ ಎಂಟು ಗಂಟೆಗೆ ಸರಿಯಾಗಿ, ಹಿತ್ತಾಳೆಯ ಬಾಯಿಯ ಆ ಪಾತ್ರೆಯಿಂದ ನೀರನ್ನು ಗೆರೆಯ ಗಾಜಿಗೆ ಸುರಿದು, ಇಂಚಿನಲ್ಲೂ ಅದರ ನೂರನೆಯ ಪಾಲಾದ ಸೆಂಟ್ಸಿನಲ್ಲೂ ಬರೆದಿಟ್ಟು ಬಂದವರು. ಬಿದ್ದ ಮಳೆಯನ್ನು ತಾವು ಅಳೆಯುತ್ತಿರುವಾಗ, ಬೀಳದ ಮಳೆಯನ್ನು ಒಬ್ಬ ವ್ಯಾಪಾರಿ ಅಳೆಯುವುದೆಂದರೇನು? ಅವರು ಕೋಟಿನ ಗುಂಡಿ ಹಾಕಿಕೊಂಡು ಬಂದು, ಹಲಗೆಯನ್ನು ಎಚ್ಚರದಿಂದ ದಾಟಿ, ಯಂತ್ರದೆದುರು ನಿಂತು ಬಹಳ ಹೊತ್ತು ಬಾಗಿ ನೋಡಿದರು.

"ಶಾಂತವೀರಪ್ಪ, ನೀವು ತಪ್ಪು ಓದಿದೀರಿ."

"ಇಪ್ಪತ್ತೇಳೂವರೆ ಕಾಣಲ್ವೇನ್ರಿ?"

"ಅದು ಹೊರಬಳೆ. ದಪ್ಪಂಕಿ. ಅಲಂಕಾರಕ್ಕೆ ಹಾಕಿರ್ತಾರೆ. ಒಳಬಳೆ ನೋಡಿ, ಸಣ್ಣ ಗೆರೆ. ನಿಜವಾದ ಅಳತೆ ಯಾವತ್ತೂ ಸಣ್ಣ ಗೆರೇಲಿರ್ತದೆ. ನಾನು ಹದಿನೈದು ವರ್ಷ ಸಣ್ಣ ಗೆರೆ ಓದ್ದೋನು, ನಂಗೆ ಗೊತ್ತಾಗಲ್ವ?" ಎಂದ ವಾಸಪ್ಪನವರು ಮೂಗನ್ನು ಗಾಜಿಗೆ ತಾಗಿಸಿದರು. "ಒಂಬೈನೂರ ಮೂವತ್ತು... ಒಂದು. ಶಿವ ಶಿವಾ. ಒಂಬೈನೂರ ಮೂವತ್ತೊಂದು ಇಂಚು!"

ಒಳಬಳೆಯ ಕೆಳಗೆ ಏನೋ ಬರೆದಿದ್ದುದು ದೊರೆಯ ಕಾಲದಲ್ಲಿಯೇ ಅಳಿಸಿಹೋಗಿತ್ತು.

"ಅಷ್ಟು ಬಂದ್ರೆ ಊರು ಉಳೀತದಾ ಮಾರಾಯ್ರೆ?" ಎಂದರು ಶಾಂತವೀರಪ್ಪ.

"ಊರಿನ ಮಾತು ಬಿಡಿ. ನನ್ನ ಗಾಜು ಒಂದು ಸಲಕ್ಕೆ ಹಿಡಿಯೋದು ಅರ್ಧ ಇಂಚು. ಸಾವಿರದ ಎಂಟುನೂರ ಅರವತ್ತೆರಡು ಸಲ ಸುರೀಬೇಕು. ಒಂದು ಸಲಕ್ಕೆ ಎರಡು ನಿಮಿಷ. ಅರವತ್ತೆರಡು ಗಂಟೆ! ಎಂಟು ಗಂಟೆಗೆ ವರದಿ ಹೋಗಬೇಕು. ಇದನ್ನ ಯಾರಾದ್ರೂ ಯೋಚ್ನೆ ಮಾಡಿದೀರಾ?"

ಯಾರೂ ಮಾಡಿರಲಿಲ್ಲ. ಆದ್ದರಿಂದ ವಾಸಪ್ಪನವರು ಅಂದೇ ಮೂರು ಪುಟದ ಅರ್ಜಿ ಬರೆದರು. ಧಾನ್ಯದ ವ್ಯಾಪಾರಿ ಶಾಂತವೀರಪ್ಪನವರ ಯಂತ್ರದ ಪ್ರಕಾರ ಒಂಬೈನೂರ ಮೂವತ್ತೊಂದು ಇಂಚು ಮಳೆ ಸನ್ನಿಹಿತವಾಗಿರುವುದರಿಂದ, ನೀರಿನ ಕೊಡದಷ್ಟು ದೊಡ್ಡ ಗೆರೆಯ ಗಾಜನ್ನೂ ಸುರಿಯಲು ಒಬ್ಬ ಜವಾನನನ್ನೂ ತುರ್ತಾಗಿ ಮಂಜೂರು ಮಾಡಬೇಕೆಂದು ಅದರ ಸಾರಾಂಶ. ಸಾಹೇಬರು ಅರ್ಜಿಯ ಉದ್ದವನ್ನು ನೋಡಿ ಅದರ ಸತ್ಯವನ್ನು ಅಳೆಯುವ ಪೈಕಿ. "ಯೋಗ್ಯ ಆಜ್ಞೆಗಾಗಿ ಕಳುಹಿಸಿದೆ" ಎಂದು ರುಜು ಹಾಕಿದರು. ಅರ್ಜಿಯು ಕೊಪ್ಪದಲ್ಲಿದ್ದ ಮೇಲಿನ ಕಚೇರಿಗೆ ಹೊರಟಿತು.

ಅದೇ ಟಪಾಲಿನಲ್ಲಿ, ಅದೇ ಚೀಲದಲ್ಲಿ, ಶಾಂತವೀರಪ್ಪನವರು ಬೀಗರಿಗೆ ಬರೆದ ಪತ್ರವೂ ಹೊರಟಿತು. "ಲಗ್ನದ ದಿವಸ ಇಪ್ಪತ್ತೇಳೂವರೆ ಇಂಚು ಮಳೆಯಾಗುವುದು ಯಂತ್ರದಿಂದ ನಿಶ್ಚಯವಾಗಿದೆ. ಆದಕಾರಣ ದಿಬ್ಬಣದವರೆಲ್ಲರೂ ತಕ್ಕ ಉಡುಪಿನಲ್ಲಿ ದಯಮಾಡಿಸಬೇಕಾಗಿ ಪ್ರಾರ್ಥನೆ."

ಉತ್ತರ ನಾಲ್ಕನೆಯ ದಿನ ಬಂತು. ಶಾಂತವೀರಪ್ಪನವರು ಅದನ್ನು ಒಮ್ಮೆ ನಿಂತು ಓದಿದರು, ಇನ್ನೊಮ್ಮೆ ಕುಳಿತು ಓದಿದರು.

"ತಮ್ಮ ಪತ್ರದಲ್ಲಿ ಇಪ್ಪತ್ತೇಳೂವರೆ. ಇಲ್ಲಿಯ ಕಚೇರಿಗೆ ಬಂದಿರುವ ಕಾಗದದಲ್ಲಿ ತಮ್ಮ ಯಂತ್ರದ ಹೆಸರಿನಲ್ಲಿಯೇ ಒಂಬೈನೂರ ಮೂವತ್ತೊಂದು. ನಮಗೊಂದು, ಸರ್ಕಾರಕ್ಕೊಂದು. ಸಂಬಂಧ ಬೇಡವಾಗಿದ್ದರೆ ಬೇಡವೆನ್ನಬಹುದಿತ್ತು. ಆಕಾಶವನ್ನು ನಡುವೆ ತರುವ ಅಗತ್ಯವಿರಲಿಲ್ಲ. ಲಗ್ನದ ಹಿಂದಿನ ದಿನ ಮಧ್ಯಾಹ್ನಕ್ಕೆ ದಿಬ್ಬಣದೊಡನೆ ಬರುತ್ತೇವೆ. ಎರಡರಲ್ಲಿ ತಮ್ಮ ಮಾತು ಯಾವುದೆಂದು ಸಭೆಯಲ್ಲಿ ಹೇಳಬೇಕು. ಒಂದಾದರೆ ಲಗ್ನ. ಎರಡಾದರೆ ಅದೇ ಗಾಡಿಯಲ್ಲಿ ವಾಪಸ್ಸು."

"ಮಳೆ ಬರ್ಲಿಲ್ಲ, ಸಿಡಿಲು ಬಂತು" ಎಂದರು ಕಲ್ಲಮ್ಮ. ಒಳಗೆ ನೀಲಾಂಬಿಕೆ ಹೂ ಕಟ್ಟುತ್ತಿದ್ದವಳು ಕೈ ನಿಲ್ಲಿಸಿದಳು.

ಲಗ್ನದ ಹಿಂದಿನ ದಿನ ಆಕಾಶದಲ್ಲಿ ಒಂದು ಹಿಡಿ ಹತ್ತಿಯಷ್ಟೂ ಮೋಡವಿರಲಿಲ್ಲ. ಕಾಗೆಗಳು ನೆರಳಿಗಾಗಿ ಜಗಳವಾಡುತ್ತಿದ್ದವು. ಮಧ್ಯಾಹ್ನ ಹನ್ನೆರಡಕ್ಕೆ ಕೊಪ್ಪದ ದಾರಿಯಲ್ಲಿ ಧೂಳೆದ್ದಿತು, ವಾಲಗ ಕೇಳಿಸಿತು, ಮೊದಲ ಗಾಡಿ ತಿರುವಿನಲ್ಲಿ ಕಾಣಿಸಿತು. ಬೀದಿಯ ಇಕ್ಕೆಲದಲ್ಲಿ ನಿಂತ ಜನ ಬಾಯಿಗೆ ಸೆರಗು ಪಂಚೆಗಳನ್ನು ಒತ್ತಿಕೊಂಡರು.

ದಿಬ್ಬಣದವರು ಪ್ರಾರ್ಥನೆಯನ್ನು ಅಕ್ಷರಶಃ ನಡೆಸಿಕೊಟ್ಟಿದ್ದರು. ಹತ್ತು ಗಾಡಿ, ಅರವತ್ತು ಜನ. ಗಂಡಸು ಹೆಂಗಸೆನ್ನದೆ ಒಬ್ಬೊಬ್ಬರ ಬೆನ್ನ ಮೇಲೂ ಒಂದೊಂದು ಗೊರಬು. ಆಷಾಢದಲ್ಲಿ ಸಸಿ ನೆಡುವವರು ತಲೆಯಿಂದ ಮೊಣಕಾಲವರೆಗೆ ಹೊದೆಯುವ, ಬಿದಿರಿನಲ್ಲಿ ಎಲೆ ಹೆಣೆದ ಆ ಗೂಡನ್ನು ಜರಿ ಪೇಟದ ಮೇಲೆ, ರೇಷ್ಮೆ ಸೀರೆಯ ಮೇಲೆ ಏರಿಸಿಕೊಂಡು, ವೈಶಾಖದ ಬಿಸಿಲಿನಲ್ಲಿ ಬೆವರಿನ ಹೊಳೆಯಾಗಿ, ಆಮೆಗಳ ಮೆರವಣಿಗೆಯಂತೆ ಅವರು ಇಳಿದರು. ವಾಲಗದವನು ಗೊರಬಿನೊಳಗಿನಿಂದಲೇ ಊದುತ್ತಿದ್ದುದರಿಂದ ನಾದವು ಬಾವಿಯೊಳಗಿನಿಂದ ಬಂದಂತಿತ್ತು. ಎಲ್ಲರಿಗಿಂತ ಹಿಂದೆ ಮದುಮಗ. ಅಂದೇ ಬೆಳಿಗ್ಗೆ ಶಿವಮೊಗ್ಗದಿಂದ ಬಂದಿದ್ದ ಅವನ ತಲೆಯ ಮೇಲೆ ಕಾರಣ ಹೇಳುವ ಮೊದಲೇ ಗೊರಬು ಏರಿತ್ತು.

ಸೋಮಶೇಖರಪ್ಪನವರು ಹಲಗೆಯ ಬಳಿ ನಿಂತರು, ಚಪ್ಪರದೊಳಗೆ ಕಾಲಿಡಲಿಲ್ಲ. ಕುಳಿತುಕೊಳ್ಳಲು ಬೇರೇನೂ ಕಾಣದೆ ದೋಣಿಯ ಅಂಚಿನ ಮೇಲೆ, ಕುಂಬಳಕಾಯಿಗಳ ಪಕ್ಕದಲ್ಲಿ, ಗೊರಬು ಸಮೇತ ಕುಳಿತರು.

"ಬೀಗರೇ, ತಕ್ಕ ಉಡುಪಿನಲ್ಲಿ ಬಂದಿದೀವಿ. ಮಳೆ ಎಲ್ಲಿ?"

"ಬರ್ತದೆ... ದಾರೀಲಿದೆ" ಎಂದರು ಶಾಂತವೀರಪ್ಪ.

"ದಾರೀಲಿ ನಾವೇ ಇದ್ವಿ. ಕಾಣಲಿಲ್ಲ. ಹೋಗ್ಲಿ, ಮಳೆ ಬಿಡಿ. ಅದು ಶಿವನ ಕೈಲಿರೋದು. ಮಾತು ನಿಮ್ಮ ಕೈಲಿರೋದು. ಇಪ್ಪತ್ತೇಳೂವರೆಯೋ, ಒಂಬೈನೂರ ಮೂವತ್ತೊಂದೋ? ಒಂದು ಹೇಳಿ."

"ಒಂಬೈನೂರ ಮೂವತ್ತೊಂದು!" ಎಂದು ಗುಂಪಿನ ನಡುವಿನಿಂದ ವಾಸಪ್ಪನವರು ಕೂಗಿದರು. "ರುಜು ಬಿದ್ದಿದೆ!"

"ಇಪ್ಪತ್ತೇಳೂವರೆ ಅಂದಿದ್ದು ನಾನು" ಎಂದರು ಶಾಂತವೀರಪ್ಪ ಕುಗ್ಗಿದ ದನಿಯಲ್ಲಿ. "ಆದ್ರೆ ಅದೂ ಯಂತ್ರದಲ್ಲಿ ಇದೆ..."

"ನೋಡಿದ್ರಾ? ಅದೂ ಇದೆ, ಇದೂ ಇದೆ! ಗಾಡಿ ತಿರುಗ್ಸಿ ಮಾರಾಯ್ರೆ" ಎಂದು ಸೋಮಶೇಖರಪ್ಪನವರು ಎದ್ದರು. ಒಂದು ಕುಂಬಳಕಾಯಿ ಉರುಳಿ ಕಾಲುವೆಗೆ ಬಿತ್ತು.

ಮೂರೂರಿನ ಕೊಳಗಗಳನ್ನು ನಾಲಗೆಯ ಮೇಲೆ ಕುಣಿಸಿದ್ದ ಶಾಂತವೀರಪ್ಪನವರು ಈಗ ಬೀಗರ ಗೊರಬಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಆಗ ನಡುಮನೆಯ ಬಾಗಿಲ ಹಿಂದಿನಿಂದ ಒಂದು ಸಣ್ಣ ಧ್ವನಿ ಬಂದಿತು.

"ಅಪ್ಪಯ್ಯ, ಮುಳ್ಳು ಒಂದೇ ಅಲ್ವ ಇರೋದು?"

ಇಷ್ಟೇ. ಮದುಮಗಳು ಅದಕ್ಕಿಂತ ಹೆಚ್ಚು ಮಾತನಾಡುವುದು ಸರಿಯಲ್ಲವಾದ್ದರಿಂದ ನೀಲಾಂಬಿಕೆ ಒಳಕ್ಕೆ ಸರಿದಳು. ಶಾಂತವೀರಪ್ಪನವರು ಮಾತ್ರ ನಿಂತಲ್ಲೇ ಒಂದು ಮೊಳ ಎತ್ತರವಾದಂತೆ ಕಂಡರು. ಅವರು ಪಡಸಾಲೆಗೆ ಓಡಿ, ಯಂತ್ರವನ್ನು ಕಂಬದಿಂದ ಕಿತ್ತು ತಂದು, ಬೀಗರ ಮುಂದೆ ದೋಣಿಯ ಮೂತಿಯ ಮೇಲೆ ನಿಲ್ಲಿಸಿದರು.

"ಬೀಗರೇ, ಕೂತ್ಕಳಿ. ಇದು ಎಷ್ಟು ಮುಳ್ಳು?"

"ಒಂದು."

"ಬಳೆ?"

"ಎರಡು."

"ಒಂದೇ ರಾಶಿ ಬತ್ತ. ಕೊಪ್ಪದ ಕೊಳಗದಲ್ಲಿ ಅಳೆದ್ರೆ ಒಂದು ಸಂಖ್ಯೆ, ನಮ್ಮೂರ ಕೊಳಗದಲ್ಲಿ ಅಳೆದ್ರೆ ಇನ್ನೊಂದು. ರಾಶಿ ಎರಡಾಯ್ತಾ? ನೀವೇ ಹೇಳಿ, ಬತ್ತ ಬೆಳೆಯೋರು!"

"ಅದು ಕೊಳಗ. ಇದು ಕೊಳಗ ಅಂತ ಯಾರು ಹೇಳ್ದೋರು?"

"ಲೆಕ್ಕ ಹೇಳ್ತದೆ! ಹೊರಬಳೇಲಿ ಇಪ್ಪತ್ತೆಂಟರ ನೇರಕ್ಕೆ ಒಳಗೆ ಎಂತ ಉಂಟು, ಓದಿ."

ಸೋಮಶೇಖರಪ್ಪನವರು ಗೊರಬನ್ನು ಹಿಂದಕ್ಕೆ ಸರಿಸಿ ಬಗ್ಗಿದರು. "ಒಂಬೈನೂರ ನಲವತ್ತೆಂಟು."

"ಇಪ್ಪತ್ತೊಂಬತ್ತಕ್ಕೆ?"

"ಒಂಬೈನೂರ ಎಂಬತ್ತೆರಡು."

"ಎಷ್ಟು ಹೆಚ್ಚಾಯ್ತು? ಮೂವತ್ತನಾಲ್ಕು. ಮೂವತ್ತಕ್ಕೆ?"

"ಸಾವಿರದ ಹದಿನಾರು."

"ಮತ್ತೆ ಮೂವತ್ತನಾಲ್ಕು! ಹೊರಗಿನ ಒಂದು ಕೊಳಗಕ್ಕೆ ಒಳಗಿನ ಮೂವತ್ತನಾಲ್ಕು. ಸುಳ್ಳಾಡೋನ ಲೆಕ್ಕ ಇಷ್ಟು ಸರಿಯಾಗಿ ಹೆಜ್ಜೆ ಹಾಕ್ತದಾ?"

ಸಭೆಯಲ್ಲಿ ಗುಜುಗುಜು ಎದ್ದಿತು. ವಾಸಪ್ಪನವರು ಅಂಗೈಯ ಮೇಲೆ ಬೆರಳಿನಿಂದ ಗುಣಾಕಾರ ಮಾಡಿ, "ಇಪ್ಪತ್ತೆಂಟನ್ನ ಮೂವತ್ತನಾಲ್ಕರಿಂದ ಗುಣಿಸಿದ್ರೆ ಒಂಬೈನೂರ ಐವತ್ತೆರಡು ಬರ್ತದೆ. ಇಲ್ಲಿ ನಲವತ್ತೆಂಟಿದೆ. ನಾಲ್ಕು ಎಲ್ಲಿ ಹೋಯ್ತು?" ಎಂದು ಆಕ್ಷೇಪಿಸಿದರು.

ಶಾಂತವೀರಪ್ಪನವರು ಕರುಣೆಯಿಂದ ಅವರ ಕಡೆ ತಿರುಗಿದರು. "ವಾಸಪ್ಪನೋರೆ, ನೀವು ಕಚೇರಿಯೋರು. ನಾನು ಹೇಳಿದ ಮೂವತ್ತನಾಲ್ಕು, ಮೇಲೆ ಗೋಪುರ ನಿಲ್ಲೋ ಹಂಗೆ ತಲೆ ತುಂಬಿದ ಕೊಳಗ. ಯಂತ್ರದ್ದು ಕೋಲೆಳೆದು ತಲೆ ಒರೆಸಿದ ಕೊಳಗ. ನಾಲ್ಕು ಅಲ್ಲಿ ಉದುರಿದ್ದು. ಸಂತೆಗೆ ಬಂದಿದ್ರೆ ಗೊತ್ತಾಗಿರೋದು."

ಅಂಗಳ ಘೊಳ್ಳೆಂದಿತು. ಸೋಮಶೇಖರಪ್ಪನವರ ಮೀಸೆಯ ಒಂದು ತುದಿ ಅಲುಗಿತು. ಆದರೆ ಅರವತ್ತು ಜನಕ್ಕೆ ಗೊರಬು ಹೊದಿಸಿ ಹನ್ನೆರಡು ಮೈಲಿ ಕರೆತಂದ ಮನುಷ್ಯ ಒಂದೇ ಸಲಕ್ಕೆ ಹೇಗೆ ಇಳಿದಾನು?

"ಸರಿ. ಎರಡೂ ಒಂದೇ ಮಾತು ಅಂತ ಒಪ್ಪಿದೆ. ಮಾತು ಒಂದಾಯ್ತು, ಆದ್ರೆ ಅದು ಸುಳ್ಳಾಯ್ತಲ್ಲ! ಸುಳ್ಳನ್ನ ಎರಡು ಕೊಳಗದಲ್ಲಿ ಅಳೆದ್ರೆ ನಿಜ ಆಗ್ತದಾ? ಎಲ್ಲಿ ಮಳೆ?"

ಶಾಂತವೀರಪ್ಪನವರು ಗಾಜಿಗೆ ಮತ್ತೊಮ್ಮೆ ಕುಟ್ಟಿದರು. ಅಷ್ಟರಲ್ಲಿ ಗುಂಪಿನ ಅಂಚಿನಿಂದ ಒಂದು ಗೊರಬು ಇನ್ನೊಂದು ಗೊರಬಿನ ಕಡೆ ವಾಲಿತು. ಮೊದಲನೆಯದರೊಳಗೆ ಮದುಮಗ ಚಂದ್ರಶೇಖರ. ಎರಡನೆಯದರೊಳಗೆ ಅವನ ಸೋದರತ್ತೆ ಕಮಲಕ್ಕ. ಅರಿಶಿನ ಹಚ್ಚಿದ ಮೇಲೆ ಲಗ್ನದವರೆಗೆ ಮದುಮಗ ಹಿರಿಯರ ವಾದದಲ್ಲಿ ಬಾಯಿ ಹಾಕುವುದು ಆ ಮನೆತನದಲ್ಲಿ ಸಲ್ಲದು. ಕಮಲಕ್ಕನಾದರೋ ಹುಟ್ಟಿದಂದಿನಿಂದ ಎಲ್ಲರ ಮಾತಿಗೂ ಹಾಕಿದ ಬಾಯನ್ನು ಹಿಂದಕ್ಕೆ ತೆಗೆದವರೇ ಅಲ್ಲ.

"ಅಣ್ಣಯ್ಯ! ಹುಡ್ಗ ಎಂತೋ ಹೇಳ್ತಾನೆ. ಇದು ಮಳೆ ಅಳೆಯೋದೇ ಅಲ್ವಂತೆ!"

"ಮತ್ತೆ ಎಂತ ಅಳೀತದಂತೆ?"

ಗೊರಬುಗಳು ಮತ್ತೆ ಕೂಡಿದವು. ಕಮಲಕ್ಕನ ಮುಖ ಹೊರಬಂದಾಗ ಅದರಲ್ಲಿ ಸ್ವಲ್ಪ ನಾಚಿಕೆಯಿತ್ತು. "ಗಾಳಿ ತೂಗ್ತದಂತೆ."

"ಗಾಳಿ?"

"ನಮ್ಮ ತಲೆ ಮೇಲೆಲ್ಲ ಗಾಳಿ ಕೂತದಂತೆ, ಭಾರ. ಆ ಭಾರ ಪಾದರಸನ ಒಂದು ಕೊಳವೇಲಿ ಎಷ್ಟು ಇಂಚು ಎತ್ತರ ನಿಲ್ಲಿಸ್ತದೋ ಅಷ್ಟು ಇಂಚು ಅಂತ ಲೆಕ್ಕ. ಒಳಬಳೇಲಿ ಅದೇ ಭಾರಕ್ಕೆ ಬೇರೆ ಅಳತೆ. ಮಾವನೋರು ಕೊಳಗ ಅಂದಿದ್ದು ಸರೀನೇ ಅಂತೆ; ಒಂದಕ್ಕೆ ಮೂವತ್ತನಾಲ್ಕಕ್ಕಿಂತ ಒಂದು ಚೂರು ಕಮ್ಮಿ, ಪುಸ್ತಕದಲ್ಲೂ ಹಂಗೇ ಇದೆ ಅಂತೆ!"

ಶಾಂತವೀರಪ್ಪನವರ ಮುಖ ದೀಪ ಹಚ್ಚಿದಂತಾಯಿತು. ಗಾಳಿಗೆ ತೂಕವಿದೆ! ಮೂವತ್ತು ವರ್ಷ ತಕ್ಕಡಿ ಹಿಡಿದವರು, ಖಾಲಿ ತಟ್ಟೆಯನ್ನು ಖಾಲಿಯೆಂದೇ ನಂಬಿದ್ದವರು!

"ಹಾಗಾದ್ರೆ ಬಿರುಗಾಳಿ ಅಂತ ಎಂತಕ್ಕೆ ಬರ್ದಿದೆ?" ಎಂದರು ಸೋಮಶೇಖರಪ್ಪ. ತಾವು ಮಗನನ್ನೇ ಕೇಳುತ್ತಿದ್ದರೂ ತಂಗಿಯ ಕಡೆಗೇ ನೋಡಿ ಕೇಳಿದರು.

ಮತ್ತೆ ಪಿಸುಮಾತು. "ಆ ಮಾತೆಲ್ಲ ಸಮುದ್ರದ ದಂಡೆಯೋರಿಗೆ ಬರೆದಿದ್ದಂತೆ. ಅಲ್ಲಿ ಗಾಳಿ ರಾಶಿ ದೊಡ್ಡದು. ಕಮ್ಮಿ ಆಯ್ತಂದ್ರೆ ಬ್ಯಾರೆ ಕಡೆಯಿಂದ ಗಾಳಿ ನುಗ್ತದೆ, ಮಳೆ ಬರ್ತದೆ. ನಾವು ಘಟ್ಟದ ಮೇಲಿರೋರು, ನಮ್ಮ ತಲೆ ಮೇಲೆ ಗಾಳೀನೇ ಕಮ್ಮಿ, ಮಳೆ ಬರ್ಲಿ ಬಿಡ್ಲಿ. ಈ ಊರ ಎತ್ತರಕ್ಕೆ ಎರಡೂವರೆ ಇಂಚು ಸೇರಿಸಿಕಂಡು ಓದಬೇಕಂತೆ."

ಶಾಂತವೀರಪ್ಪನವರು ಬಾಯಿಯಲ್ಲಿ ಲೆಕ್ಕ ಮಾಡುವಷ್ಟೂ ಹೊತ್ತು ಬೇಕಾಗಲಿಲ್ಲ. "ಇಪ್ಪತ್ತೇಳೂವರೆಗೆ ಎರಡೂವರೆ... ಮೂವತ್ತು!" ಎಂದು ಗಾಜಿನ ಮೇಲೆ ಬೆರಳಿಟ್ಟರು. ಬೆರಳು 'ಫೇರ್' ಎಂಬಲ್ಲಿ ನಿಂತಿತು. "ಹುಡ್ಗನ್ನ ಕೇಳಿ ಕಮಲಕ್ಕ, ಫೇರ್ ಅಂದ್ರೆ?"

"ಬಿಸಿಲು, ನಿರ್ಮಲ ಆಕಾಶ ಅಂತೆ."

ಎಲ್ಲರ ತಲೆಗಳೂ, ಗೊರಬಿನವೂ ಗೊರಬಿಲ್ಲದವೂ, ಏಕಕಾಲಕ್ಕೆ ಮೇಲೆದ್ದವು. ಆಕಾಶವು ಒರೆಸಿಟ್ಟ ಹರಿವಾಣದಂತಿತ್ತು. ಒಂದು ವಾರದಿಂದ ಆ ಬಡ ಯಂತ್ರವು ಕಂಬದ ಮೇಲೆ ನಿಂತು, ಮಳೆಯಿಲ್ಲ, ಹೆದರಬೇಡಿ, ಮದುವೆ ಮಾಡಿ ಎಂದು ಗಂಟಲೊಣಗುವಂತೆ ಹೇಳುತ್ತಲೇ ಇತ್ತು.

"ನಾನು ಮೊದಲ್ನೇ ದಿನದಿಂದ ಹೇಳ್ತಿದೀನಿ" ಎಂದು ಶಾಂತವೀರಪ್ಪನವರು ಎದೆ ಸೆಟೆಸಿ ನುಡಿದರು, "ಯಂತ್ರ ಸುಳ್ಳು ಹೇಳಲ್ಲ ಅಂತ."

"ನಿಮ್ಗೊಂದು ನಾಚ್ಕೆ ಅಂತ ಇದ್ರೆ ಅದನ್ನೂ ಯಾವ್ದಾದ್ರೂ ಕೊಳಗದಲ್ಲಿ ಅಳೆದು ತೋರ್ಸಿ" ಎಂದರು ಕಲ್ಲಮ್ಮ.

ಈಗ ಎಲ್ಲರ ಕಣ್ಣೂ ಸೋಮಶೇಖರಪ್ಪನವರ ಮೇಲೆ. ಮಾತು ಒಂದಾಗಿತ್ತು, ಸುಳ್ಳೂ ಅಲ್ಲವಾಗಿತ್ತು. ಕೋಪಕ್ಕೆ ಕಾರಣಗಳೆಲ್ಲ ಒಂದೊಂದಾಗಿ ಕೈಬಿಟ್ಟುಹೋಗಿದ್ದವು. ಆದರೂ ಗಂಡಿನ ತಂದೆ ಸುಮ್ಮನೆ ಚಪ್ಪರದೊಳಗೆ ಹೋಗುವುದುಂಟೆ? ಅವರು ಕೆಮ್ಮಿ, ಪೇಟ ಸರಿಪಡಿಸಿಕೊಂಡು, ಅತ್ಯಂತ ಬಿಗುವಿನ ಸ್ವರದಲ್ಲಿ ಕೇಳಿದರು.

"ಬೀಗರೇ, ಯಂತ್ರದಲ್ಲಿರೋದು ಇಪ್ಪತ್ತೇಳೂವರೆ. ಲಗ್ನಕ್ಕೆ ಬೇಕಾಗಿರೋದು ಮೂವತ್ತು. ಕಮ್ಮಿ ಬಿದ್ದಿರೋ ಎರಡೂವರೆ ಇಂಚು ಯಾರು ಕೊಡೋದು?"

ಮದುವೆಗಳಲ್ಲಿ ಕಡಿಮೆ ಬಿದ್ದದ್ದನ್ನು ತುಂಬಿಕೊಡಬೇಕಾದವರು ಯಾರೆಂಬುದು ಯಾರಿಗೆ ತಿಳಿಯದು?

"ಕಲ್ಲೂ, ತಟ್ಟೆ ತಗಂಬಾ" ಎಂದರು ಶಾಂತವೀರಪ್ಪ.

ಕಲ್ಲಮ್ಮನವರು ಬೆಳ್ಳಿಯ ತಟ್ಟೆಯಲ್ಲಿ ಎಲೆಯಡಿಕೆಯಿಟ್ಟು ತಂದರು. ಶಾಂತವೀರಪ್ಪನವರು ಅದರ ಮೇಲೆ ಎರಡು ಬೆರಳುಗಳನ್ನು ಎರಡೂವರೆ ಇಂಚಿನಷ್ಟು ಅಗಲಿಸಿ ಹಿಡಿದು, ನಡುವಿನ ಬರಿದನ್ನು ಬಹು ಜೋಪಾನದಿಂದ ತಟ್ಟೆಯಲ್ಲಿಟ್ಟು, ಎರಡೂ ಕೈಯಿಂದ ಬೀಗರ ಮುಂದೆ ನೀಡಿದರು.

"ಹೆಣ್ಣಿನ ಕಡೆಯಿಂದ ಎರಡೂವರೆ ಇಂಚು ಗಾಳಿ. ತಲೆ ತುಂಬಿ ಕೊಟ್ಟಿದೀನಿ, ಒರೆಸಿಲ್ಲ. ನೋಡ್ಕಳಿ."

ಸೋಮಶೇಖರಪ್ಪನವರು ತಟ್ಟೆಯನ್ನು ತೆಗೆದುಕೊಂಡರು. ತೂಕ ನೋಡುವವರಂತೆ ಒಮ್ಮೆ ಮೇಲೆ ಕೆಳಗೆ ಆಡಿಸಿದರು. ಅನಂತರ, ಮೂರು ತಾಲ್ಲೂಕಿನವರು ಅದುವರೆಗೆ ಕಂಡಿರದ ಒಂದು ನಗು ಆ ಮೀಸೆಯ ಕೆಳಗಿನಿಂದ ಹೊರಟು, ಪೇಟವನ್ನು ಅಲುಗಿಸಿ, ಗೊರಬನ್ನು ಅವರ ಬೆನ್ನಿನಿಂದ ನೆಲಕ್ಕೆ ಕೆಡವಿತು.

"ತೂಕ ಸರಿಯಿದೆ" ಎಂದು ಅವರು ಹಲಗೆಯನ್ನು ದಾಟಿ ಚಪ್ಪರದೊಳಕ್ಕೆ ಬಂದರು.